ಪೆಟ್-ಸಿಟಿ ಸ್ಕ್ಯಾನ್‌ಗೆ ಹೋಗುವ ಮುನ್ನ, ಹೋದಾಗ, ಬಂದ ಮೇಲೆ

ಕ್ಯಾನ್ಸರ್ ವೈದ್ಯರು ಚೀಟಿಯಲ್ಲಿ ‘ಹೋಲ್ ಬಾಡಿ ಪೆಟ್-ಸಿಟಿ’ ಎಂದು ಬರೆದುಕೊಟ್ಟ ಮೇಲೆ ಮನೆಯವರ ತಲೆಬಿಸಿ ಎರಡೇ: ಖರ್ಚೆಷ್ಟು, ರಿಪೋರ್ಟಿನಲ್ಲಿ ಏನು ಬರುತ್ತದೋ. ಇವೆರಡರ ನಡುವಿನ ಒಂದು ದಿನದ ಬಗ್ಗೆ ಯಾರೂ ಹೆಚ್ಚು ವಿಚಾರಿಸುವುದಿಲ್ಲ. ಆದರೆ ಇದು ಎಕ್ಸ್‌ರೇಯಂತೆ ಹೋಗಿ ನಿಂತು ಬರುವ ಪರೀಕ್ಷೆಯಲ್ಲ. ಹೊರಡುವ ಮುಂಚೆ ಏನು ತಿಂದಿರಿ, ಹಿಂದಿನ ದಿನ ಮೈ ಬಗ್ಗಿಸಿ ದುಡಿದಿರಾ, ಸೂಜಿ ಚುಚ್ಚಿದ ಮೇಲೆ ಪಕ್ಕದವರೊಡನೆ ಹರಟಿದಿರಾ ಎಂಬುದೆಲ್ಲ ಚಿತ್ರದಲ್ಲಿ ಮೂಡಿಬಿಡುತ್ತದೆ. ಯಂತ್ರ ಎಷ್ಟೇ ದುಬಾರಿಯದಾಗಿರಲಿ, ಚಿತ್ರ ಚೆನ್ನಾಗಿ ಬರುವುದರಲ್ಲಿ ರೋಗಿಯ ಪಾಲೂ ದೊಡ್ಡದು.

ಎರಡು ಸ್ಕ್ಯಾನ್ ಒಟ್ಟಿಗೆ ಏಕೆ?

ಸಿಟಿ ಸ್ಕ್ಯಾನ್ ದೇಹದ ಒಳರಚನೆಯನ್ನು ತೋರಿಸುತ್ತದೆ. ಗಂಟು ಎಲ್ಲಿದೆ, ಎಷ್ಟು ಮಿಲಿಮೀಟರ್ ಇದೆ, ಯಾವ ರಕ್ತನಾಳಕ್ಕೆ ತಾಗಿಕೊಂಡಿದೆ ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಆ ಗಂಟಿನೊಳಗೆ ಕ್ಯಾನ್ಸರ್ ಇನ್ನೂ ಬದುಕಿದೆಯೋ ಅಥವಾ ಚಿಕಿತ್ಸೆಯ ನಂತರ ಉಳಿದ ಬರೀ ಕಲೆಯೋ ಎಂದು ಕೇಳಿದರೆ ಬಹಳ ಸಲ ಅದರ ಬಳಿ ಉತ್ತರವಿರುವುದಿಲ್ಲ.

ಪೆಟ್ ನೋಡುವುದು ಜೀವಕೋಶಗಳ ಹಸಿವನ್ನು. ಬಹುತೇಕ ಕ್ಯಾನ್ಸರ್ ಕೋಶಗಳು ಅಕ್ಕಪಕ್ಕದ ಕೋಶಗಳಿಗಿಂತ ಹೆಚ್ಚು ಗ್ಲೂಕೋಸ್ ಕಬಳಿಸುತ್ತವೆ. ಗಡ್ಡೆಗಳ ಈ ಸಕ್ಕರೆಯ ಆಸೆಯನ್ನು ಜರ್ಮನಿಯ ಓಟೊ ವಾರ್ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಪೆಟ್‌ನಲ್ಲಿ ಕೊಡುವ ಎಫ್‌ಡಿಜಿ ಎಂಬ ಔಷಧ ಗ್ಲೂಕೋಸಿನದೇ ವೇಷ ತೊಟ್ಟ ಅಣು. ಅದರಲ್ಲಿ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣು ಅಂಟಿರುತ್ತದೆ. ಕೋಶ ಅದನ್ನು ಸಕ್ಕರೆಯೆಂದೇ ಒಳಗೆ ಎಳೆದುಕೊಳ್ಳುತ್ತದೆ. ಆದರೆ ಮೊದಲ ಹಂತ ದಾಟಿ ಅರಗಿಸಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಫ್ಲೋರಿನ್ ಕ್ಷಯಿಸುವಾಗ ಹೊಮ್ಮುವ ಪಾಸಿಟ್ರಾನ್ (ಎಲೆಕ್ಟ್ರಾನಿಗೆ ವಿರುದ್ಧ ವಿದ್ಯುದಂಶದ ಕಣ) ಹತ್ತಿರದ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಎರಡೂ ಇಲ್ಲವಾಗುತ್ತವೆ. ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಚಿಮ್ಮುತ್ತವೆ. ರೋಗಿಯ ಸುತ್ತ ಉಂಗುರದಂತೆ ಜೋಡಿಸಿದ ಡಿಟೆಕ್ಟರುಗಳಲ್ಲಿ, ಅಂದರೆ ಕಿರಣ ಗುರುತಿಸುವ ಸಾಧನಗಳಲ್ಲಿ, ಎರಡು ಕಡೆ ಒಟ್ಟಿಗೇ ಕಿರಣ ಬಡಿದರೆ, ಆ ಎರಡು ಬಿಂದುಗಳ ನಡುವಿನ ಗೆರೆಯ ಮೇಲೆಲ್ಲೋ ಔಷಧವಿದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಇಂಥ ಲಕ್ಷಾಂತರ ಗೆರೆಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ, ಔಷಧ ಹೆಚ್ಚು ಸೇರಿದ ಜಾಗ ಅದರಲ್ಲಿ ಹೊಳೆಯುತ್ತದೆ.

ಬರೀ ಪೆಟ್ ಚಿತ್ರ ರಾತ್ರಿ ಹೊತ್ತು ಚಾಮುಂಡಿ ಬೆಟ್ಟದ ಮೇಲಿಂದ ಮೈಸೂರು ಕಂಡಂತೆ: ದೀಪಗಳೇನೋ ಕಾಣುತ್ತವೆ, ಯಾವ ದೀಪ ಯಾವ ಬೀದಿಯದೆಂದು ತಿಳಿಯದು. ಕತ್ತಿನಲ್ಲಿ ಮಿನುಗುವ ಚುಕ್ಕೆ ದುಗ್ಧಗ್ರಂಥಿಯೋ (ಲಿಂಫ್ ನೋಡ್), ಸ್ನಾಯುವೋ, ಲಾಲಾಗ್ರಂಥಿಯೋ? ಶಸ್ತ್ರಚಿಕಿತ್ಸಕರಿಗೆ ಇದು ದೊಡ್ಡ ತಲೆನೋವಾಗಿತ್ತು. ಡೇವಿಡ್ ಟೌನ್‌ಸೆಂಡ್ ಜಿನೀವಾದಲ್ಲಿ ಪೆಟ್ ಯಂತ್ರ ರೂಪಿಸುತ್ತಿದ್ದಾಗ ಅಲ್ಲಿನ ಶಸ್ತ್ರಚಿಕಿತ್ಸಕರೊಬ್ಬರು, ‘ನಿಮ್ಮ ಡಿಟೆಕ್ಟರುಗಳ ನಡುವೆ ಇಷ್ಟು ಜಾಗ ಖಾಲಿಯಿದೆಯಲ್ಲ, ಅಲ್ಲೊಂದು ಸಿಟಿಯನ್ನಾದರೂ ಇಡಬಾರದೇ’ ಎಂಬರ್ಥದ ಮಾತು ಆಡಿದ್ದರಂತೆ. ಆ ಮಾತು ಬೆಳೆಯಿತು. ಟೌನ್‌ಸೆಂಡ್ ಮತ್ತು ಎಂಜಿನಿಯರ್ ರಾನ್ ನಟ್ ಸೇರಿ ರೂಪಿಸಿದ ಮೊದಲ ಜೋಡಿಯಂತ್ರ 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿತು. ಭಾರತದ ಮೊದಲ ಪೆಟ್-ಸಿಟಿ 2004ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೆ ಬಂತು.

ಮೊದಲ ಹೆಜ್ಜೆ: ವೈದ್ಯರಿಗೆ ಒಂದು ಪ್ರಶ್ನೆ

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಹೀಗೆ ಕೇಳಿ: ‘ಡಾಕ್ಟ್ರೇ, ಈ ಸ್ಕ್ಯಾನ್‌ನಲ್ಲಿ ಏನು ಬಂದರೆ ಚಿಕಿತ್ಸೆ ಬದಲಾಗುತ್ತದೆ?’ ಇದು ಅಧಿಕಪ್ರಸಂಗವಲ್ಲ. ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆ ಇಷ್ಟವೇ.

ಉತ್ತರ ಗಟ್ಟಿಯಾಗಿರುವ ಸಂದರ್ಭಗಳು ಬೇಕಾದಷ್ಟಿವೆ. ಶ್ವಾಸಕೋಶದ ಕ್ಯಾನ್ಸರ್ ಬೇರೆಡೆ ಹಬ್ಬಿದ್ದರೆ ದೊಡ್ಡ ಆಪರೇಷನ್ನಿನಿಂದ ಪ್ರಯೋಜನವಿಲ್ಲ. ಅದು ಮೊದಲೇ ಗೊತ್ತಾದರೆ ರೋಗಿಗೆ ಒಂದು ಕಷ್ಟ ತಪ್ಪಿತು. ಹಾಜ್ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನಲ್ಲಿ ಎರಡು ಸುತ್ತು ಕೀಮೋ ಆದ ಮೇಲೆ ಪೆಟ್-ಸಿಟಿ ಮಾಡುತ್ತಾರೆ. 1,200ಕ್ಕೂ ಹೆಚ್ಚು ರೋಗಿಗಳಿದ್ದ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆ ಸ್ಕ್ಯಾನ್ ಶುಭ್ರವಾಗಿದ್ದರೆ ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲ ಬ್ಲಿಯೋಮೈಸಿನ್ ಔಷಧವನ್ನು ಮುಂದಿನ ಸುತ್ತುಗಳಲ್ಲಿ ಕೈಬಿಡಬಹುದೆಂದು ತೋರಿಸಿತು.

ನಮ್ಮಲ್ಲಿ ತಂಬಾಕು, ಗುಟ್ಕಾದ ದೆಸೆಯಿಂದ ಬಾಯಿ-ಗಂಟಲಿನ ಕ್ಯಾನ್ಸರ್ ಹೆಚ್ಚು. ಆದ್ದರಿಂದ ಇನ್ನೊಂದು ಅಧ್ಯಯನವನ್ನು ಹೇಳಲೇಬೇಕು. ತಲೆ-ಕತ್ತಿನ ಕ್ಯಾನ್ಸರ್ ಕತ್ತಿನ ಗ್ರಂಥಿಗಳಿಗೂ ಹೆಚ್ಚಾಗಿ ಹಬ್ಬಿದ್ದರೆ, ಕೀಮೋ-ರೇಡಿಯೇಷನ್ ಜತೆಗೆ ಕತ್ತಿನ ಗ್ರಂಥಿಗಳನ್ನು ಆಪರೇಷನ್ ಮಾಡಿ ತೆಗೆಯುವುದು ರೂಢಿಯಾಗಿತ್ತು. ಬ್ರಿಟನ್ನಿನಲ್ಲಿ 564 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ನಿಗದಿಪಡಿಸಿದ ಆಪರೇಷನ್, ಇನ್ನೊಂದಕ್ಕೆ ಚಿಕಿತ್ಸೆ ಮುಗಿದು 12 ವಾರಕ್ಕೆ ಪೆಟ್-ಸಿಟಿ, ಅದರಲ್ಲಿ ರೋಗ ಉಳಿದಂತೆ ಕಂಡರೆ ಮಾತ್ರ ಆಪರೇಷನ್ ಎಂದು ಗೊತ್ತು ಮಾಡಿದರು. ಸ್ಕ್ಯಾನ್ ಗುಂಪಿನಲ್ಲಿ 54 ಆಪರೇಷನ್ ಆದವು, ಮತ್ತೊಂದರಲ್ಲಿ 221. ಬದುಕುಳಿದವರ ಪ್ರಮಾಣದಲ್ಲಿ ಸ್ಕ್ಯಾನ್ ಗುಂಪು ಹಿಂದೆ ಬೀಳಲಿಲ್ಲ. ಕತ್ತಿನ ಆಪರೇಷನ್ ಆದವರಿಗೆ ಭುಜ ಎತ್ತಲು ಎಷ್ಟು ಕಷ್ಟವಾಗುತ್ತದೆಂದು ನೋಡಿದವರಿಗೆ ಈ ಲೆಕ್ಕದ ತೂಕ ಗೊತ್ತಾಗುತ್ತದೆ.

ಉತ್ತರ ಸಡಿಲವಾಗಿರುವ ಸಂದರ್ಭಗಳೂ ಇವೆ. ಆರಂಭದ ಹಂತದ, ಹಬ್ಬುವ ಸಾಧ್ಯತೆ ಕಡಿಮೆಯಿರುವ ಸ್ತನ ಕ್ಯಾನ್ಸರಿಗೆ ಬೇರೆ ಲಕ್ಷಣವಿಲ್ಲದಿದ್ದರೆ ಪೆಟ್-ಸಿಟಿ ಬೇಡವೆಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವೇ 2012ರಲ್ಲಿ ಹೇಳಿದೆ. ಇನ್ನು ಆರೋಗ್ಯವಂತರು ‘ಒಮ್ಮೆ ಇಡೀ ಮೈ ನೋಡಿಬಿಡೋಣ’ ಎಂದು ಪ್ಯಾಕೇಜ್ ಲೆಕ್ಕದಲ್ಲಿ ಮಾಡಿಸಿಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ. ದುಡ್ಡು ಹೋಗುವುದಲ್ಲದೆ, ಇಲ್ಲದ ರೋಗದ ಬೆನ್ನು ಹತ್ತಿ ಬಯಾಪ್ಸಿ ಮಾಡಿಸುವ ಪಾಡು ಬರುತ್ತದೆ.

ದಿನ ಗೊತ್ತು ಮಾಡುವಾಗ

ಕೀಮೋ ಆದ ಕೂಡಲೇ ಈ ಸ್ಕ್ಯಾನ್ ಮಾಡಿಸಿದರೆ ಚಿತ್ರ ದಾರಿ ತಪ್ಪಿಸಬಹುದು. ಸಾಮಾನ್ಯವಾಗಿ ಎರಡು-ಮೂರು ವಾರ ಬಿಡುತ್ತಾರೆ. ರೇಡಿಯೇಷನ್ ಆಗಿದ್ದರೆ ಮೂರು ತಿಂಗಳ ಹತ್ತಿರ ಕಾಯಿಸುತ್ತಾರೆ, ಏಕೆಂದರೆ ಸುಟ್ಟ ಜಾಗದ ಉರಿಯೂತವೂ ಸಕ್ಕರೆ ಬೇಡುತ್ತದೆ. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಮೂಳೆಮಜ್ಜೆಯೆಲ್ಲ ಹೊಳೆಯುತ್ತದೆ. ಇತ್ತೀಚೆಗೆ ತೋಳಿಗೆ ಲಸಿಕೆ ಹಾಕಿಸಿಕೊಂಡಿದ್ದರೆ ಕಂಕುಳ ಗ್ರಂಥಿ ಮಿನುಗಬಹುದು. ಇವೆಲ್ಲವನ್ನೂ, ಹಳೆಯ ಟಿಬಿ ಇದ್ದರೆ ಅದನ್ನೂ, ಬುಕ್ ಮಾಡುವಾಗಲೇ ಹೇಳಿ. ಗರ್ಭಿಣಿಯಾಗಿರುವ ಸಂಶಯವಿದ್ದರೆ ಅಥವಾ ಎದೆಹಾಲು ಕುಡಿಸುತ್ತಿದ್ದರೆ ಮುಚ್ಚಿಡಲೇಬಾರದು.

ಕೊಟ್ಟ ಸಮಯಕ್ಕೆ ಹೋಗಿ ಎಂದು ಅವರು ಒತ್ತಿ ಹೇಳುವುದು ಶಿಸ್ತಿಗಲ್ಲ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ವಿಕಿರಣಶೀಲ ಪರಮಾಣು ತಯಾರಿಸುವ ಸೈಕ್ಲೋಟ್ರಾನ್ ಯಂತ್ರವಿರುವಲ್ಲಿ ಸಿದ್ಧವಾದ ಔಷಧ, ಸೈಕ್ಲೋಟ್ರಾನ್ ಇಲ್ಲದ ಊರಿಗೆ ಕಾರಿನಲ್ಲೋ ವಿಮಾನದಲ್ಲೋ ಸೀಸದ ಡಬ್ಬಿಯಲ್ಲಿ ಬರುತ್ತದೆ. ನೀವು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೆ ನಿಮ್ಮ ಪಾಲಿನ ಔಷಧ ಅಲ್ಲಿ ಕರಗುತ್ತಲೇ ಇರುತ್ತದೆ.

ಹಿಂದಿನ ದಿನ ಮತ್ತು ಆ ಬೆಳಿಗ್ಗೆ

ಹಿಂದಿನ ದಿನ ಹೊಲದ ಕೆಲಸ, ಜಿಮ್, ಬಿರುಸಿನ ನಡಿಗೆ ಬೇಡ. ದಣಿದ ಸ್ನಾಯು ಮರುದಿನವೂ ಸಕ್ಕರೆ ಹೀರುತ್ತದೆ. ರಾತ್ರಿ ಅನ್ನ, ಮುದ್ದೆ, ಸಿಹಿ ಕಡಿಮೆ ಮಾಡಿ ಮೊಟ್ಟೆ, ಪನ್ನೀರ್, ಕೋಳಿ, ಸೊಪ್ಪಿನ ಪಲ್ಯ ಹೆಚ್ಚಿಗೆ ಉಣ್ಣಲು ಹಲವು ಕೇಂದ್ರಗಳು ಹೇಳುತ್ತವೆ.

ಸ್ಕ್ಯಾನ್‌ಗೆ ಮುನ್ನ ಕಡಿಮೆಯೆಂದರೂ ನಾಲ್ಕರಿಂದ ಆರು ಗಂಟೆ ಖಾಲಿ ಹೊಟ್ಟೆ. ಬರೀ ನೀರು ಕುಡಿಯಬಹುದು, ಕುಡಿಯಲೇಬೇಕು. ಸಕ್ಕರೆ ಇಲ್ಲದ ಕಾಫಿ ಪರವಾಗಿಲ್ಲವೇ ಎಂದು ಕೇಳುವವರಿದ್ದಾರೆ. ಹಾಲಿನಲ್ಲೂ ಸಕ್ಕರೆ ಅಂಶವಿದೆ, ಬೇಡ. ಎಲೆಅಡಿಕೆ, ಚೂಯಿಂಗ್ ಗಮ್, ಸಿಹಿಯಾದ ಕೆಮ್ಮಿನ ಸಿರಪ್ ಕೂಡ ಬೇಡ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ನೀರಿನಲ್ಲಿ ನುಂಗಬಹುದು. ರೋಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಮನೆಯವರು ಒಂದು ಕಣ್ಣಿಡಿ: ಡ್ರಿಪ್‌ನಲ್ಲಿ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಹೋಗುತ್ತಿದ್ದರೆ ಉಪವಾಸ ಮಾಡಿದ್ದೆಲ್ಲ ವ್ಯರ್ಥ.

ಶುಗರ್ ಇರುವವರದು ಸ್ವಲ್ಪ ಸೂಕ್ಷ್ಮ. ರಕ್ತದಲ್ಲಿ ಆಗಲೇ ಸಕ್ಕರೆ ತುಂಬಿದ್ದರೆ ಎಫ್‌ಡಿಜಿಗೆ ಒಳಗೆ ಹೋಗಲು ಪೈಪೋಟಿ. ಬೆರಳಿನಿಂದ ಹನಿ ರಕ್ತ ತೆಗೆದು ನೋಡಿ, 200 ಮಿಲಿಗ್ರಾಂ ಮೀರಿದ್ದರೆ ಹಲವು ಕಡೆ ಸ್ಕ್ಯಾನ್ ಮುಂದೂಡುತ್ತಾರೆ. ಹಾಗೆಂದು ಗಾಬರಿಯಿಂದ ಹೊರಡುವ ಮುಂಚೆ ಇನ್ಸುಲಿನ್ ಚುಚ್ಚಿಕೊಂಡರೆ ಔಷಧವೆಲ್ಲ ಸ್ನಾಯುಗಳಿಗೆ ಹೋಗಿ ಕೈಕಾಲು ಹೊಳೆಯುತ್ತದೆ, ಗಡ್ಡೆ ಮಂಕಾಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯಿಂದ ಕರುಳು ಹೊಳೆಯುವುದುಂಟು, ಅದಕ್ಕೆ ಕೆಲವರಿಗೆ ಎರಡು ದಿನ ನಿಲ್ಲಿಸಲು ಹೇಳುತ್ತಾರೆ. ಇದ್ಯಾವುದನ್ನೂ ನೀವಾಗಿಯೇ ಮಾಡಬೇಡಿ, ವೈದ್ಯರಿಂದ ಬರೆಸಿಕೊಳ್ಳಿ.

ಜತೆಗೆ ಒಯ್ಯಬೇಕಾದದ್ದು ಹಳೆಯ ಸ್ಕ್ಯಾನ್‌ಗಳ ಸಿಡಿ, ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಾರಾಂಶ. ಕಾಂಟ್ರಾಸ್ಟ್ (ಒಳಭಾಗ ಎದ್ದು ಕಾಣುವಂತೆ ಮಾಡುವ ಔಷಧ) ಹಾಕಿ ಸಿಟಿ ಮಾಡುವುದಿದ್ದರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ.

ಸೂಜಿ ಚುಚ್ಚಿದ ಮೇಲಿನ ಒಂದು ಗಂಟೆ

ನನ್ನ ಪ್ರಕಾರ ಇಡೀ ದಿನದಲ್ಲಿ ಮುಖ್ಯವಾದದ್ದು ಈ ಗಂಟೆಯೇ. ಕೈಯ ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕಿ ಔಷಧ ಕೊಟ್ಟ ಮೇಲೆ ಒಂದು ಕೋಣೆಯಲ್ಲಿ ಸುಮಾರು 60 ನಿಮಿಷ ಸುಮ್ಮನೆ ಒರಗಿರಲು ಹೇಳುತ್ತಾರೆ. ಮನೆಯವರನ್ನು ಒಳಗೆ ಬಿಡುವುದಿಲ್ಲ. ಆಗ ಮಾತಾಡಿದರೆ ಧ್ವನಿಪೆಟ್ಟಿಗೆಯ ಸ್ನಾಯು ಹೊಳೆಯುತ್ತದೆ. ಗಂಟಲು ಕ್ಯಾನ್ಸರಿನ ರೋಗಿಯಲ್ಲಿ ಅದು ಎಂಥ ಗೊಂದಲ ಎಬ್ಬಿಸಬಹುದೆಂದು ಯೋಚಿಸಿ. ಏನನ್ನಾದರೂ ಜಗಿದರೆ ದವಡೆ ಹೊಳೆಯುತ್ತದೆ, ಮೊಬೈಲ್ ಒತ್ತುತ್ತ ಕೂತರೆ ಮುಂಗೈ. ಚಳಿಯಾದರೆ ಕತ್ತು-ಭುಜದ ಬಳಿಯ ಕಂದು ಕೊಬ್ಬು ಮೈ ಬಿಸಿ ಮಾಡಲು ಸಕ್ಕರೆ ಉರಿಸುತ್ತದೆ. ಮಕ್ಕಳಲ್ಲಿ, ಹರೆಯದವರಲ್ಲಿ ಇದು ಹೆಚ್ಚು. ಕಂಬಳಿ ಕೇಳಲು ಸಂಕೋಚ ಬೇಡ. ಸ್ವೆಟರ್ ಹಾಕಿಕೊಂಡೇ ಹೋಗಿ.

ಯಂತ್ರಕ್ಕೆ ಹೋಗುವ ಮುಂಚೆ ಮೂತ್ರ ಮಾಡಿ ಬರಲು ಹೇಳುತ್ತಾರೆ. ಔಷಧ ಮೂತ್ರದಲ್ಲೇ ಹೊರಹೋಗುವುದರಿಂದ ತುಂಬಿದ ಮೂತ್ರಕೋಶ ಪಕ್ಕದ ಗಡ್ಡೆಯನ್ನು ಮರೆಮಾಡಬಹುದು.

ಯಂತ್ರದೊಳಗೆ

ಇಲ್ಲಿ ರೋಗಿಯ ಕೆಲಸ ಅಲುಗಾಡದೆ ಮಲಗುವುದು. ಸಿಟಿ ಭಾಗ ಬೇಗ ಮುಗಿಯುತ್ತದೆ, ಪೆಟ್‌ಗೆ ಯಂತ್ರವನ್ನು ಅವಲಂಬಿಸಿ ಹದಿನೈದರಿಂದ ಮೂವತ್ತು ನಿಮಿಷ. ಎಂಆರ್‌ಐನಷ್ಟು ಇಕ್ಕಟ್ಟಿಲ್ಲ, ಸದ್ದಿಲ್ಲ. ದೀರ್ಘ ಉಸಿರು ಬೇಡ. ಎರಡು ಚಿತ್ರಗಳೂ ಒಂದರ ಮೇಲೊಂದು ಕೂರಬೇಕೆಂದರೆ ಉಸಿರು ಹಗುರವಾಗಿರಬೇಕು. ಬೆನ್ನುನೋವಿನಿಂದ ಮಲಗಲಾಗದವರು ಮುಂಚೆಯೇ ನೋವಿನ ಮಾತ್ರೆಯ ಬಗ್ಗೆ ಕೇಳಿಕೊಳ್ಳಿ.

ಮುಗಿದ ಮೇಲೆ ಊಟ ಮಾಡಿ, ಚೆನ್ನಾಗಿ ನೀರು ಕುಡಿಯಿರಿ. ಆ ದಿನದ ಮಟ್ಟಿಗೆ ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಗರ್ಭಿಣಿಯರಿಂದ ದೂರವಿರಿ. ಮರುದಿನದ ಹೊತ್ತಿಗೆ ವಿಕಿರಣ ಬಹುಪಾಲು ಇಳಿದಿರುತ್ತದೆ. ಅದೇ ದಿನ ವಿಮಾನದಲ್ಲಿ ಊರಿಗೆ ಮರಳುವವರು ಕೇಂದ್ರದಿಂದ ಒಂದು ಚೀಟಿ ಪಡೆಯಿರಿ. ವಿಕಿರಣ ಪತ್ತೆಮಾಡುವ ಉಪಕರಣವಿದ್ದರೆ ಅದು ಕೂಗಬಹುದು.

ರಿಪೋರ್ಟ್ ಕೈಗೆ ಬಂದಾಗ

ಮೊದಲಿಗೆ, ಹೊಳೆದದ್ದೆಲ್ಲ ಕ್ಯಾನ್ಸರಲ್ಲ. ಮಿದುಳು, ಹೃದಯ, ಮೂತ್ರಪಿಂಡ, ಮೂತ್ರಕೋಶ ಆರೋಗ್ಯವಂತರಲ್ಲೂ ಹೊಳೆಯುತ್ತವೆ. ನಮ್ಮ ದೇಶದಲ್ಲಂತೂ ಟಿಬಿ ದೊಡ್ಡ ಮೋಸಗಾರ: ಎದೆಯ ನಡುವಿನ ಟಿಬಿ ಗ್ರಂಥಿಗಳು ಹಬ್ಬಿದ ಕ್ಯಾನ್ಸರಿನಂತೆಯೇ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆಯನ್ನೇ ಬದಲಿಸುವಂಥ ಹೊಸ ಚುಕ್ಕೆ ಕಂಡರೆ ಬಯಾಪ್ಸಿ ಬೇಕೇ ಎಂದು ಕೇಳಿ. ಈ ಸ್ಕ್ಯಾನ್ ಅಲ್ಲಿಯೂ ಕೆಲಸಕ್ಕೆ ಬರುತ್ತದೆ, ಸೂಜಿ ಎಲ್ಲಿ ಚುಚ್ಚಿದರೆ ಜೀವಂತ ಅಂಗಾಂಶ ಸಿಗುತ್ತದೆಂದು ತೋರಿಸುತ್ತದೆ.

ಹೊಳೆಯದಿದ್ದರೆ ಕ್ಯಾನ್ಸರಿಲ್ಲ ಎಂದೂ ಅಲ್ಲ. ಕೆಲವೇ ಮಿಲಿಮೀಟರಿನ ಗಂಟು ತಪ್ಪಿಸಿಕೊಳ್ಳಬಹುದು. ಮಿದುಳು ತಾನೇ ಸಕ್ಕರೆಪ್ರಿಯ, ಅಲ್ಲಿಯ ಸಣ್ಣ ಗಡ್ಡೆಗೆ ಎಂಆರ್‌ಐಯೇ ಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಹಲವು ಸಲ ಎಫ್‌ಡಿಜಿಯನ್ನು ಮೂಸಿಯೂ ನೋಡುವುದಿಲ್ಲ, ಹಾಗಾಗಿ ಅದಕ್ಕೆ ಪಿಎಸ್‌ಎಂಎ ಪೆಟ್-ಸಿಟಿ ಎಂಬ ಬೇರೆ ಔಷಧದ ಸ್ಕ್ಯಾನ್. ಹಾರ್ಮೋನ್ ಸ್ರವಿಸುವ ಕೋಶಗಳಲ್ಲಿ ಹುಟ್ಟುವ ನ್ಯೂರೊಎಂಡೊಕ್ರೈನ್ ಗಡ್ಡೆಗಳಿಗೆ ಡೋಟಾ ಎಂಬ ಮತ್ತೊಂದು ಬಗೆಯ ಪೆಟ್ ಸ್ಕ್ಯಾನ್. ಇವಕ್ಕೆ ಉಪವಾಸದ ನಿಯಮ ಬೇರೆ. ಚೀಟಿಯಲ್ಲಿ ಯಾವ ಪೆಟ್ ಎಂದು ಬರೆದಿದ್ದಾರೋ ನೋಡಿಕೊಂಡೇ ಬುಕ್ ಮಾಡಿ.

ಇನ್ನು ಎಸ್‌ಯುವಿ ಎಂಬ ಅಂಕಿ. ಒಂದು ಜಾಗ ಎಷ್ಟು ಔಷಧ ಹೀರಿದೆ ಎಂಬ ಅಳತೆ ಅದು. ಕಳೆದ ಬಾರಿ 8, ಈ ಬಾರಿ 5 ಎಂದು ಮನೆಯಲ್ಲೇ ಕೂತು ಲೆಕ್ಕ ಹಾಕುವವರಿಗೆ ಒಂದು ಮಾತು: ತೂಕ, ಅಂದಿನ ಶುಗರ್, ಔಷಧ ಕೊಟ್ಟು ಎಷ್ಟು ಹೊತ್ತಾಯಿತು, ಯಾವ ಯಂತ್ರ ಎಂಬುದರ ಮೇಲೆ ಇದು ಏರಿಳಿಯುತ್ತದೆ. ಆದ್ದರಿಂದ ಮರುಸ್ಕ್ಯಾನನ್ನು ಆದಷ್ಟು ಅದೇ ಕೇಂದ್ರದಲ್ಲಿ ಮಾಡಿಸಿ. ಲಿಂಫೋಮಾ ರಿಪೋರ್ಟಿನಲ್ಲಿ 1ರಿಂದ 5ರವರೆಗಿನ ಡೋವಿಲ್ ಸ್ಕೋರ್ ಇರುತ್ತದೆ. ಗಂಟಿನ ಹೊಳಪನ್ನು ರೋಗಿಯದೇ ಯಕೃತ್ತಿನ ಹೊಳಪಿನೊಡನೆ ಹೋಲಿಸುವ ಕ್ರಮವದು. ಚಿಕಿತ್ಸೆಯ ನಂತರ 1, 2, 3 ಬಂದರೆ ಹೆಚ್ಚಾಗಿ ಒಳ್ಳೆಯ ಸುದ್ದಿ. ಗಂಟು ಗಾತ್ರದಲ್ಲಿ ಇನ್ನೂ ಉಳಿದಿದ್ದರೂ ಹೊಳಪು ಆರಿದ್ದರೆ ವೈದ್ಯರು ನೆಮ್ಮದಿಯಿಂದ ತಲೆಯಾಡಿಸುವುದು ಇದಕ್ಕೇ.

ಖರ್ಚಿನ ಮಾತು ಕೊನೆಗೆ ಉಳಿಯಿತು. ಕೇಂದ್ರದಿಂದ ಕೇಂದ್ರಕ್ಕೆ ದರದಲ್ಲಿ ಬಹಳ ವ್ಯತ್ಯಾಸವಿದೆ, ನಾಲ್ಕು ಕಡೆ ಫೋನ್ ಮಾಡಿ. ಕಾಂಟ್ರಾಸ್ಟ್ ಸೇರಿದೆಯೇ, ಸಿಡಿ ಕೊಡುತ್ತೀರಾ ಎಂದೂ ಕೇಳಿ. ಸರ್ಕಾರಿ ಯೋಜನೆಯ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ, ವಿಮೆ ಇದ್ದರೆ ವಿಮಾ ಕಂಪನಿಯ ಬಳಿ, ಸ್ಕ್ಯಾನ್‌ಗೆ ಮೊದಲೇ ಮಂಜೂರಾತಿ ಬೇಕೇ ಎಂದು ವಿಚಾರಿಸಿ. ಹಣ ಕಟ್ಟಿ ರಸೀದಿ ಹಿಡಿದು ಹೋದ ಮೇಲೆ ಕೇಳಿದರೆ ತಡವಾಗಿರಬಹುದು.