ಓವರ್‌ಹೆಡ್ ಟ್ಯಾಂಕ್ ಇಲ್ಲದ ಬೋರ್‌ವೆಲ್: ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳುವವರಿಗೆ

ನ್ಯೂಜೆರ್ಸಿಯಲ್ಲಿ ಪೇಟೆಯಿಂದ ಸ್ವಲ್ಪ ದೂರ ಮನೆ ನೋಡಲು ಹೋದರೆ 'ವೆಲ್ ವಾಟರ್' ಅನ್ನುವ ಮಾತು ಕಿವಿಗೆ ಬೀಳುತ್ತದೆ. ಹಗ್ಗ, ರಾಟೆ ನೆನಪಾದರೆ ಬಿಟ್ಟುಬಿಡಿ. ಇದು ಹೆಚ್ಚುಕಡಿಮೆ ನಮ್ಮ ಬೋರ್‌ವೆಲ್ಲೇ. ಅಂಗಳದಲ್ಲಿ ಗಿಡ್ಡ ಪೈಪು, ಮೇಲೊಂದು ಮುಚ್ಚಳ, ಕಾಣಿಸುವುದು ಅಷ್ಟೇ. ಪಂಪು ಕೆಳಗೆ ನೀರಲ್ಲಿ ಮುಳುಗಿರುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಬಾರದಲ್ವಾ, ಅದಕ್ಕೆ ಮನೆಗೆ ಬರುವ ಪೈಪನ್ನು ಆಳದಲ್ಲಿ ಹೂಳಿರುತ್ತಾರೆ.

ವ್ಯತ್ಯಾಸ ಇರುವುದು ಟ್ಯಾಂಕಿನಲ್ಲಿ. ಊರಲ್ಲಿ ಬೆಳಿಗ್ಗೆ ಮೋಟರ್ ಹಾಕಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿದರೆ ದಿನವಿಡೀ ನೀರು ತಾನಾಗಿ ಇಳಿಯುತ್ತದೆ. ಇಲ್ಲಿ ಮಾಳಿಗೆಯ ಮೇಲೆ ಏನೂ ಇಲ್ಲ. ಬೇಸ್‌ಮೆಂಟಿನಲ್ಲಿ ಗ್ಯಾಸ್ ಸಿಲಿಂಡರಿನಂಥ ಪ್ರೆಶರ್ ಟ್ಯಾಂಕ್ ಇರುತ್ತದೆ. ಅದರೊಳಗೆ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು, ನಡುವೆ ರಬ್ಬರು. ಒತ್ತಿಹೋದ ಗಾಳಿಯೇ ನೀರನ್ನು ನಲ್ಲಿಗೆ ತಳ್ಳುತ್ತದೆ. ಒತ್ತಡ 40 ಪಿಎಸ್‌ಐಗೆ ಇಳಿದರೆ ಪಂಪು ತಾನೇ ಶುರು, 60ಕ್ಕೆ ಏರಿದರೆ ಬಂದ್. ಕೆಲವು ಮನೆಗಳಲ್ಲಿ 30 ಮತ್ತು 50. ನಲ್ಲಿ ತಿರುಗಿಸಿದಾಗೆಲ್ಲ ಪಂಪು ಟಕ್ ಟಕ್ ಅಂತ ಹತ್ತಿ ಆರುತ್ತಿದ್ದರೆ ಟ್ಯಾಂಕಿನ ಗಾಳಿ ಹೋಗಿದೆ, ಇಲ್ಲವೇ ರಬ್ಬರು ಹರಿದಿದೆ ಎಂದು ಮೊದಲು ಅನುಮಾನಿಸಿ. ಹಾಗೇ ಬಿಟ್ಟರೆ ಪಂಪೇ ಸುಟ್ಟೀತು.

ಕರೆಂಟ್ ಹೋದರೆ? ಟ್ಯಾಂಕಿನಲ್ಲಿ ಉಳಿದಿರುವ ನಾಲ್ಕಾರು ಬಕೆಟ್ ನೀರು, ಆಮೇಲೆ ನಲ್ಲಿ ಒಣಗಿತು. ಫ್ಲಶ್ ಕೂಡ ಇಲ್ಲ. ಬಿರುಗಾಳಿಯ ಮುನ್ಸೂಚನೆ ಇದ್ದರೆ ಬಾತ್‌ಟಬ್ ತುಂಬಿಸಿಟ್ಟುಕೊಳ್ಳಿ.

ಇನ್ನು ನೀರಿನ ಗುಣ. ಅಮೆರಿಕ ಅಂದ ಮೇಲೆ ಸರ್ಕಾರ ನೋಡಿಕೊಳ್ಳುತ್ತೆ ಅನ್ನುವ ನಂಬಿಕೆ ಇಲ್ಲಿ ಕೈಕೊಡುತ್ತದೆ. 1974ರ ಕುಡಿಯುವ ನೀರಿನ ಕೇಂದ್ರ ಕಾನೂನು ಒಂದು ಮನೆಯ ಬೋರ್‌ವೆಲ್ಲಿಗೆ ಅನ್ವಯಿಸುವುದಿಲ್ಲ. ನ್ಯೂಜೆರ್ಸಿಯಲ್ಲಿ 2002ರಿಂದ ಮನೆ ಮಾರುವಾಗ ನೀರಿನ ಪರೀಕ್ಷೆ ಕಡ್ಡಾಯ. ಬಾಡಿಗೆ ಮನೆಯಾದರೆ ಮಾಲೀಕರು 5 ವರ್ಷಕ್ಕೊಮ್ಮೆ ಮಾಡಿಸಬೇಕು. ಆದರೆ ಒಂದು ವಿಷಯ ಗಮನಿಸಿ: ಫಲಿತಾಂಶ ಕೆಟ್ಟದಾಗಿ ಬಂದರೂ ಮನೆ ಮಾರಬಾರದು ಅಂತ ನ್ಯೂಜೆರ್ಸಿಯ ಈ ಕಾನೂನು ಹೇಳುವುದಿಲ್ಲ. ಮಾರುವವರು, ಕೊಳ್ಳುವವರು ಇಬ್ಬರೂ ಫಲಿತಾಂಶ ನೋಡಿದ್ದೇವೆ ಎಂದು ಸಹಿ ಹಾಕಿದರೆ ಸಾಕು. ಫಿಲ್ಟರ್ ಖರ್ಚು ಯಾರದ್ದು ಅನ್ನುವುದನ್ನು ನೀವೇ ಚೌಕಾಸಿ ಮಾಡಬೇಕು. ಮನೆಗೆ ಬಂದ ಮೇಲೂ ವರ್ಷಕ್ಕೊಮ್ಮೆ ಬ್ಯಾಕ್ಟೀರಿಯಾ, ನೈಟ್ರೇಟ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

"ಕುದಿಸಿ ಕುಡಿದರಾಯ್ತು" ಅನ್ನುವ ನಮ್ಮ ಅಭ್ಯಾಸ ಬ್ಯಾಕ್ಟೀರಿಯಾಕ್ಕೆ ಸರಿ. ನೈಟ್ರೇಟ್, ಆರ್ಸೆನಿಕ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವು ಜಾಸ್ತಿಯೇ ಆಗುತ್ತವೆ. ಕೈಗೂಸಿಗೆ ಬಾಟಲಿ ಹಾಲು ಕಲಸುವ ಮನೆಯಲ್ಲಿ ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಆ ನೀರು ಬೇಡವೇ ಬೇಡ. ಆರ್ಸೆನಿಕ್‌ಗೆ ಕೇಂದ್ರದ ಮಿತಿ 10 ಪಿಪಿಬಿ (ನೂರು ಕೋಟಿ ಭಾಗ ನೀರಿಗೆ 10 ಭಾಗ), ನ್ಯೂಜೆರ್ಸಿಯದು 5. ವರದಿ ಓದುವಾಗ 5ನ್ನೇ ಹಿಡಿದುಕೊಳ್ಳಿ.