ಬೀಜದ ಮೇಲಿನ ಕೂಡುಗೆರೆ ಗುರುತಿಸುವುದು ಹೇಗೆ?

ಬೀಜದ ಮೇಲೆ ಏಣಿನಂತೆ ಕಾಣುವ ಕೂಡುಗೆರೆಗೆ ರೇಫೆ ಎಂದು ಹೆಸರು. ಬೀನ್ಸ್ ಬೀಜ ಕೊಟ್ಟು ‘ರೇಫೆ ತೋರಿಸಿ’ ಎಂದರೆ ಹೆಚ್ಚಿನವರು ಒಳಬಾಗಿನ ಅಂಚಿನಲ್ಲಿರುವ ಮಚ್ಚೆಯ ಮೇಲೆ ಬೆರಳಿಡುತ್ತಾರೆ. ಅದು ಹೈಲಮ್, ಬೀಜ ತನ್ನ ತೊಟ್ಟಿನಿಂದ ಕಳಚಿಕೊಂಡ ಕಲೆ. ರೇಫೆ ಕಲೆಯಲ್ಲ, ಕೂಡುಗೆರೆ. ಬೀಜವಾಗಲಿರುವ ಅಂಡಕ ಎಳೆಯದಾಗಿರುವಾಗಲೇ ತಲೆಕೆಳಗಾಗಿ ಬಾಗುತ್ತದೆ. ತೊಟ್ಟು ಅದರ ಮೈಗೆ ಬೆಸೆದುಕೊಂಡ ಭಾಗವೇ ಈ ಏಣು.

ಹಂತ 1: ಬೀಜವನ್ನು ರಾತ್ರಿಯಿಡೀ ನೆನೆಸಿ. ಅವಸರಪಟ್ಟು ಅರೆಬರೆ ನೆನೆದಾಗಲೇ ತೆಗೆದರೆ ಸಿಪ್ಪೆಯೆಲ್ಲ ಸುಕ್ಕುಗಟ್ಟಿರುತ್ತದೆ, ಪ್ರತಿ ಸುಕ್ಕೂ ರೇಫೆಯಂತೆಯೇ ಕಾಣುತ್ತದೆ.

ಹಂತ 2: ಎಡವುವುದು ಇಲ್ಲೇ. ಬೀಜವನ್ನು ಒರೆಸಿ, ಎರಡು ಬೆರಳುಗಳ ನಡುವೆ ಹಗುರವಾಗಿ ಒತ್ತಿ. ಹೈಲಮ್‌ನ ಒಂದು ತುದಿಯ ಪಕ್ಕದಲ್ಲಿ ಸೂಜಿಮೊನೆಯಷ್ಟು ರಂಧ್ರದಿಂದ ನೀರು ಜಿನುಗುತ್ತದೆ. ಇದು ಬೀಜರಂಧ್ರ. ಅದರ ಆಚೆಗೆ ಸಿಪ್ಪೆಯಡಿ ಒಂದು ಉಬ್ಬು ಕಾಣುತ್ತದೆ. ಅದನ್ನು ರೇಫೆ ಎಂದುಕೊಳ್ಳಬೇಡಿ, ಅದು ಮೊಳಕೆಯ ಬೇರು. ಈಗ ಹೈಲಮ್ ದಾಟಿ ಎದುರು ದಿಕ್ಕಿಗೆ ಬನ್ನಿ. ಮೊದಲು ಪುಟ್ಟ ಗುಬುಟು, ಅದರಿಂದ ಮುಂದಕ್ಕೆ ಸಾಗುವ ಸಣ್ಣ ಏಣು. ಅದೇ ರೇಫೆ. ರಂಧ್ರ ಸಿಗುವ ಮೊದಲು ಏಣು ಹುಡುಕಲು ಹೋಗಲೇಬೇಡಿ. ಹತ್ತು ಪಟ್ಟು ದೊಡ್ಡದಾಗಿಸುವ ಕೈಮಸೂರವಿದ್ದರೆ ಸಾಕು. ಆಟಿಕೆಯ ಪ್ಲಾಸ್ಟಿಕ್ ಮಸೂರಗಳು ಅಂಚಿನಲ್ಲಿ ಎಲ್ಲವನ್ನೂ ವಕ್ರವಾಗಿಸುತ್ತವೆ, ಕೊಳ್ಳಬೇಡಿ.

ಬೀನ್ಸ್‌ನಲ್ಲಿ ಕಣ್ಣಿಗೆ ಬೀಳದಿದ್ದರೆ ಹರಳು ಬೀಜ ನೋಡಿ. ಚಪ್ಪಟೆ ಮಗ್ಗುಲಲ್ಲಿ ಉದ್ದಕ್ಕೂ ಗೆರೆ ಸ್ಪಷ್ಟವಾಗಿರುತ್ತದೆ. ಆ ಬೀಜದೊಳಗೆ ರಿಸಿನ್ ಎಂಬ ವಿಷವಿದೆ. ಒಡೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ, ನೋಡಿದ ಮೇಲೆ ಕೈ ತೊಳೆಯಿರಿ.

ಹಂತ 3: ಕೂಡುಗೆರೆ ಬೀಜದ ಮೇಲಷ್ಟೇ ಅಲ್ಲ, ಕಾಯಿಯಲ್ಲೂ ಇದೆ. ಬಟಾಣಿ ಕಾಯಿ ಬಿಡಿಸಿ. ಕಾಳುಗಳು ಅಂಟಿರುವ ಅಂಚು ಮಾತ್ರ ನಿಜವಾದ ಕೂಡುಗೆರೆ; ಎದುರಿನದು ಎಲೆಯಲ್ಲಿರುವಂಥ ನಡುನರ.

ಹಂತ 4: ಇನ್ನು ನಿಮ್ಮ ಬಾಯಿ. ದೇಹದಲ್ಲಿರುವ ಇಂಥ ಕೂಡುಗೆರೆಗೂ ರೇಫೆ ಎಂದೇ ಹೆಸರು. ಮೇಲಿನ ಮುಂದಿನ ಹಲ್ಲುಗಳ ಹಿಂದೆ ನಾಲಿಗೆಯ ತುದಿ ಇಟ್ಟರೆ ಮೊದಲು ಪುಟ್ಟ ಉಬ್ಬು, ಆಮೇಲೆ ಅಡ್ಡಡ್ಡ ಏಣುಗಳು ತಾಗುತ್ತವೆ. ಅಡ್ಡ ಏಣುಗಳನ್ನು ಬಿಟ್ಟು ನಟ್ಟನಡುವೆ ಹಿಂದಕ್ಕೆ ಜಾರಿಸಿ. ಅಲ್ಲಿ ಸಿಗುವ ಉದ್ದಗೆರೆ ಅಂಗುಳಿನ ರೇಫೆ. ಇಲ್ಲಿ ಬೆಸೆದದ್ದು ತೊಟ್ಟಲ್ಲ. ಭ್ರೂಣದಲ್ಲಿ ಎಡಬಲಗಳಿಂದ ಬಂದ ಎರಡು ಹಾಳೆಗಳು ಮೂರನೇ ತಿಂಗಳ ಹೊತ್ತಿಗೆ ಸೇರಿದ ಜಾಗ. ಸೇರದೆ ಉಳಿದರೆ ಸೀಳಂಗುಳಾಗುತ್ತದೆ. ಜನನಾಂಗದಿಂದ ಗುದದವರೆಗೆ ಹೋಗುವ ಗೆರೆಯೂ ಇಂಥದ್ದೇ ಕೂಡುಗೆರೆ. ಅದು ಹುಟ್ಟಿನಿಂದಲೇ ಇರುತ್ತದೆ, ಸುತ್ತಲಿನ ಚರ್ಮಕ್ಕಿಂತ ಕಪ್ಪಗಿದ್ದರೂ ರೋಗವಲ್ಲ. ಮುಲಾಮು ಹಚ್ಚಿ ಉಜ್ಜುವ ಅಗತ್ಯವಿಲ್ಲ.

ಅಂಗುಳಿನ ನಡುಗೆರೆಯಲ್ಲಿ ಗಟ್ಟಿ ಗಂಟು ಸಿಕ್ಕರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಅಪಾಯವಿಲ್ಲದ ಮೂಳೆಯ ಉಬ್ಬು. ಹೊಸದಾಗಿ ಬೆಳೆಯುತ್ತಿದ್ದರೆ ಅಥವಾ ಹುಣ್ಣಾಗಿದ್ದರೆ ದಂತವೈದ್ಯರಿಗೆ ತೋರಿಸಿ.