ಚಳ್ಳಕೆರೆಯಲ್ಲಿ ಗಾಣ ಹಾಕಿದವನ ಲೆಕ್ಕ

ಕಂಪನಿ ಕೆಲಸ ಬಿಟ್ಟು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮರದ ಗಾಣ ಹಾಕಿದಾಗ ‘ಪ್ರೀಮಿಯಂ’, ‘ನಮ್ಮ ಟೀಮ್’ ಎಂಬ ಮಾತುಗಳನ್ನು ಬೋರ್ಡಿಗೆ ಬರೆಸಲಿಲ್ಲ. ಇರುವುದು ನಾನು, ಜೊತೆಗೊಬ್ಬ ಆಳು. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರಿನಲ್ಲಿ ಪ್ರೆಸೆಂಟೇಷನ್ ಭಾಷೆ ನಡೆಯುವುದಿಲ್ಲ. ಇಲ್ಲಿಯ ಗಿರಾಕಿ ಕೇಳುವುದು ಎರಡೇ: ಬೀಜ ಎಲ್ಲಿಯದು, ಎಣ್ಣೆ ಎಷ್ಟು ಬಿತ್ತು?

ಹಾಗಾಗಿ ಲೆಕ್ಕವನ್ನೇ ಗೋಡೆಗೆ ಬರೆದಿದ್ದೇನೆ. 100 ಕೆ.ಜಿ. ಬೀಜಕ್ಕೆ ಎಣ್ಣೆ 40 ಕೆ.ಜಿ. ಆಸುಪಾಸು. ಶೇಂಗಾ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ, ಅಂದರೆ 44 ಲೀಟರ್. ಹಿಂಡಿ 55 ಕೆ.ಜಿ.ಯಷ್ಟು, ಮಿಕ್ಕಿದ್ದು ತೇವ, ಗಸಿ. ಬೀಜ ಕೆ.ಜಿ.ಗೆ 100 ರೂಪಾಯಿ, ಹಿಂಡಿ 40 ಎಂದಿಟ್ಟುಕೊಳ್ಳಿ. 10,000ದಲ್ಲಿ ಹಿಂಡಿಯ 2,200 ಕಳೆದರೆ 7,800, ಲೀಟರಿಗೆ 177 ರೂಪಾಯಿ ಬೀಜಕ್ಕೇ ಆಯಿತು. ಕರೆಂಟು, ಕೂಲಿ, ಬಾಟಲಿ, ಶೇ 5 ಜಿಎಸ್‌ಟಿ ಇನ್ನೂ ಹೊರಗೇ ಇವೆ. ಅದೇ ದರದ ದಿನ 160ಕ್ಕೆ ‘ಶುದ್ಧ ಗಾಣದ ಎಣ್ಣೆ’ ಸಿಕ್ಕರೆ ಕೂಡಿ ಕಳೆದು ನೋಡುವುದು ಗಿರಾಕಿಗೆ ಬಿಟ್ಟದ್ದು.

ಬೀಜ ಆರಿಸುವುದೇ ದೊಡ್ಡ ಕೆಲಸ. ಬೂಷ್ಟು ಹಿಡಿದದ್ದು, ಬಣ್ಣಗೆಟ್ಟದ್ದು, ಮುರುಟಿದ್ದು ಒಳಗೆ ಹೋದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಎಣ್ಣೆಗೂ ಇಳಿಯುತ್ತದೆ. ರಿಫೈನರಿಯ ಕ್ಷಾರ, ಬ್ಲೀಚಿಂಗ್ ಹಂತಗಳಲ್ಲಿ ಅದು ಬಹುಪಾಲು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ‘ರಾಸಾಯನಿಕ ಮುಟ್ಟಿಸಿಲ್ಲ’ ಎಂದು ಮಾರುವವರು ಇದನ್ನು ಹೇಳುವುದು ಅಪರೂಪ. ಮಳೆಗೆ ಸಿಕ್ಕ ಕಾಯಿ ಮಂಡಿಯಲ್ಲಿ ಅಗ್ಗ. ನಾನು ಅದರ ಹತ್ತಿರ ಹೋಗುವುದಿಲ್ಲ. ತೇವ ಶೇ 8 ದಾಟಿದ್ದರೆ ಬೀಜವನ್ನು ಮತ್ತೆ ಬಿಸಿಲಿಗೆ ಹರವಬೇಕು. ತೀರಾ ಒಣಗಿದರೂ ಎಣ್ಣೆ ಬಿಡುವುದಿಲ್ಲ, ಆಡಿಸುವಾಗ ಒಂಚೂರು ನೀರು ಚಿಮುಕಿಸಬೇಕು. ಆ ನೀರು ಹೆಚ್ಚಾದರೆ ಎಣ್ಣೆ ತಿಳಿಯಾಗದೆ ಬೇಗ ಕಮಟು ಹಿಡಿಯುತ್ತದೆ. ಎರಡು ಮೂರು ದಿನ ಸ್ಟೀಲ್ ಡ್ರಮ್ಮಿನಲ್ಲಿ ಬಿಟ್ಟು, ಬಟ್ಟೆಯಲ್ಲಿ ಸೋಸಿ ತುಂಬುವುದು. ಬಾಟಲಿಯ ತಳದಲ್ಲಿ ತೆಳ್ಳಗೆ ಗಸಿ ಕಾಣಬಹುದೆಂದು ಲೇಬಲ್ಲಿನಲ್ಲೇ ಬರೆಸಿದ್ದೇನೆ.

‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆಸಿಲ್ಲ. ಯಾವ ಸಸ್ಯದ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ‘ಕೊಲೆಸ್ಟ್ರಾಲ್ ಫೈಟರ್’ ಥರದ ಮಾತನ್ನಂತೂ ಅಡುಗೆ ಎಣ್ಣೆಯ ಪ್ಯಾಕಿನ ಮೇಲೆ ಹಾಕಲು ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಪ್ರಾಧಿಕಾರದ ನಿಯಮವೇ ಬಿಡುವುದಿಲ್ಲ. ‘ಊರಿಗೆ ಮರಳಿದ ಎಂಜಿನಿಯರ್’ ಕಥೆಯನ್ನೂ ದೂರ ಇಟ್ಟಿದ್ದೇನೆ. ಅದು ಒಂದು ಬಾಟಲಿ ಮಾರಿಸೀತು, ಎರಡನೆಯದನ್ನು ಒಗ್ಗರಣೆಯ ಘಮವೇ ಮಾರಿಸಬೇಕು.

ರೈತರು ತಮ್ಮದೇ ಬೀಜ ತಂದು ಕೂಲಿಗೆ ಆಡಿಸುವಾಗ ಇನ್ನೂ ಬಿಗಿ. ಅವರ ಎದುರೇ ತೂಗಿ, ಖಾಲಿ ಒರಳು ತೋರಿಸಿ ಬೀಜ ಹಾಕಬೇಕು; ಹಿಂದಿನವರ ಹಿಂಡಿ ಅಂಟಿಕೊಂಡಿದ್ದರೆ ಜಗಳ ಗ್ಯಾರಂಟಿ. ಕೊನೆಗೆ ಎಣ್ಣೆ, ಹಿಂಡಿ ಎರಡನ್ನೂ ತೂಗಿ ಚೀಟಿ ಬರೆದುಕೊಡುತ್ತೇನೆ. “ಎಣ್ಣೆ ಕಮ್ಮಿ ಬಿತ್ತಲ್ಲಣ್ಣ” ಎಂದರೆ ಅವರ ಬೀಜದ ತೇವ ಎಷ್ಟಿತ್ತೆಂಬುದು ಅದೇ ಚೀಟಿಯಲ್ಲಿರುತ್ತದೆ.